ಕೆಂಪು ಪರಾಗ

ಎರ್ಸೀಲಿಯಾ ನಮ್ಮ ಶಾಲೆಯ ಅಡುಗೆಯವಳು. ಅವಳ ಕೈಕೆಳಗೆ ನಾನು ಹನ್ನೊಂದು ವರ್ಷ ತರಕಾರಿ ಹೆಚ್ಚಿದ್ದೇನೆ. ಪೋ ನದಿಯ ಏರಿಯ ಕೆಳಗಿನ ಈ ಊರಲ್ಲಿ ಎತ್ತ ನೋಡಿದರೂ ಸೇಬಿನ ತೋಟ. ತೋಟಗಳಿಗೆ ಹೊಡೆಯುವ ವಿಷ ಎಲ್ಲೆಲ್ಲಿಗೆ ಹರಡುತ್ತದೆಂದು ತಿಳಿಯಲು ಬೊಲೋನ್ಯಾ ನಗರದ ಸಂಶೋಧಕರು ಅವಳ ಹಿತ್ತಲಲ್ಲಿ ಎರಡು ಜೇನುಪೆಟ್ಟಿಗೆ ಇಟ್ಟಿದ್ದರು. ಪೆಟ್ಟಿಗೆಯ ಬಾಯಿಯಡಿ ಒಂದು ಜಾಲರಿ ತಟ್ಟೆ. ಅದರಲ್ಲಿ ಬಿದ್ದ ಸತ್ತ ಹುಳುಗಳನ್ನು ವಾರಕ್ಕೊಮ್ಮೆ ಎಣಿಸುವುದು ಅವಳ ಕೆಲಸ.

ಸಾಮಾನ್ಯವಾಗಿ ಮೂವತ್ತೋ ನಲವತ್ತೋ ಇರುತ್ತಿದ್ದವು. ಏಪ್ರಿಲ್ ಕೊನೆಯ ಆ ಸೋಮವಾರ ಬೆಳಿಗ್ಗೆ ತಟ್ಟೆ ತುಂಬಿ ಹುಲ್ಲಿನ ಮೇಲೂ ಚೆಲ್ಲಿತ್ತು. ಜೀವವಿದ್ದವು ಅಂಗಾತ ಬಿದ್ದು ಗಿರಗಿರ ಸುತ್ತುತ್ತಿದ್ದವು. ಆರುನೂರರವರೆಗೆ ಎಣಿಸಿ ಕೈಬಿಟ್ಟಳು. ಹುಳುಗಳನ್ನು ಚೀಲಕ್ಕೆ ತುಂಬಿಕೊಂಡು ನೇರವಾಗಿ ಪಕ್ಕದ ತೋಟಕ್ಕೆ ನಡೆದಳು. ಅದು ಗಂಡನ ಅಣ್ಣ ದಾಲ್ಮೊನದು.

"ಹೂ ಇರೋವಾಗ ಔಷಧಿ ಹೊಡೀಬಾರ್ದು ಅಂತ ಗೊತ್ತಿಲ್ವಾ? ಕದ್ದು ಹೊಡೆದ್ಯಲ್ಲ!"

ದಾಲ್ಮೊ ಟ್ರ್ಯಾಕ್ಟರಿನಿಂದ ಇಳಿಯಲೂ ಇಲ್ಲ. "ಹತ್ತು ದಿನದಿಂದ ಪಂಪು ಮುಟ್ಟಿಲ್ಲ ನಾನು. ನಿನ್ನ ಸೂಪು ಕುಡಿದು ಸತ್ತಿರ್ಬೇಕು, ಹೋಗು."

"ಈ ಚೀಲ ಬೊಲೋನ್ಯಾಗೆ ಹೋಗ್ಲಿ, ಆಮೇಲೆ ನಗು."

ಅವನ ಮುಖ ಕಪ್ಪಿಟ್ಟಿತು. "ನಮ್ಮನೆ ಸೊಸೆ ನನ್ನ ಮೇಲೇ ದೂರು ಕೊಡ್ತಾಳಾ? ಕೊಡು. ಇನ್ಮೇಲೆ ಮುಖ ತೋರಿಸ್ಬೇಡ."

ಶಾಲೆಗೆ ಬಂದು ಇದನ್ನೆಲ್ಲ ನನಗೆ ಹೇಳಿದಳು. ಬೊಲೋನ್ಯಾಗೆ ಕಳಿಸುವವರೆಗೆ ಕೆಡದಿರಲೆಂದು ಚೀಲವನ್ನು ಅಡುಗೆಮನೆಯ ಫ್ರೀಜರಿನಲ್ಲಿ ತುರುಕಲು ಹೋದಳು.

"ಮಕ್ಕಳು ತಿನ್ನೋ ಬ್ರೆಡ್ಡಿನ ಪಕ್ಕ ವಿಷ ಇಡ್ತೀಯಲ್ಲೇ ಮಾರಾಯ್ತಿ!" ಎಂದೆ.

ಡಬ್ಬಿಗೆ ಹಾಕೋಣವೆಂದು ಹುಳುಗಳನ್ನು ತಟ್ಟೆಗೆ ಸುರಿದವಳು ಹಾಗೇ ನಿಂತುಬಿಟ್ಟಳು. ಅವುಗಳ ಹಿಂಗಾಲಿಗೆ ಅಂಟಿದ್ದ ಪರಾಗದ ಉಂಡೆಗಳು ಇಟ್ಟಿಗೆಗೆಂಪು.

"ಸೇಬಿನ ಪರಾಗ ಹಳದಿ ಕಣೇ."

"ಮತ್ತಿದು?"

ಅವಳು ಕಿಟಕಿಯತ್ತ ನೋಡಿದಳು. ಅಂಗಳದ ನಾಲ್ಕು ಹಾರ್ಸ್ ಚೆಸ್ಟ್‌ನಟ್ ಮರಗಳು ಮೈತುಂಬ ಹೂ ಬಿಟ್ಟಿದ್ದವು. ಅವುಗಳ ಪರಾಗ ಇಟ್ಟಿಗೆಗೆಂಪು; ಊರಲ್ಲಿ ಬೇರೆಲ್ಲೂ ಆ ಮರವಿಲ್ಲ. ಆಟದ ಬಿಡುವಿನ ಹೊತ್ತು. ಮಕ್ಕಳು ಉದುರಿದ ಹೂ ಆಯುತ್ತಿದ್ದರು. ಒಬ್ಬಳು ಹೂವನ್ನು ಬಾಯಲ್ಲಿಟ್ಟು ಚೀಪುತ್ತಿದ್ದಳು.

ಎರ್ಸೀಲಿಯಾ ಸೌಟು ಹಿಡಿದೇ ಅಂಗಳಕ್ಕೆ ಓಡಿದಳು. "ಒಳಗೆ ಬನ್ನಿ! ಹೂ ಬಿಸಾಕಿ! ಬಾಯಿಗೆ ಕೈ ಹಾಕ್ಬೇಡಿ!"

ಮಕ್ಕಳು ಇದೂ ಒಂದು ಆಟವೆಂದು ಕೇಕೆ ಹಾಕಿ ಮರ ಸುತ್ತಿದರು. ಜವಾನ ಪ್ರೀಮೊ ಗೊಣಗಿದ: "ಯಾಕಮ್ಮ ಕಿರಿಚ್ತೀಯಾ? ಮರಕ್ಕೆ ಕಂಬಳಿಹುಳ ಆಗಿತ್ತು, ನಿನ್ನೆ ಶಾಲೆಗೆ ರಜಾ ಅಂತ ಪುರಸಭೆಯವರು ಔಷಧಿ ಹೊಡೆದು ಹೋದ್ರು. ಒಣಗಿದೆ ಈಗ."

ಮುಖ್ಯೋಪಾಧ್ಯಾಯಿನಿ, "ಪ್ರಯೋಗಾಲಯದ ಪತ್ರ ಬರ್ಲಿ, ಸುಮ್ನೆ ಹೆದರಿಸ್ಬೇಡಿ," ಎಂದರು.

"ಪತ್ರಕ್ಕೆ ಹತ್ತು ದಿನ ಬೇಕು. ಅಲ್ಲಿವರೆಗೂ ಈ ಬಾಗ್ಲಲ್ಲಿ ನಾನೇ ನಿಂತಿರ್ತೀನಿ. ಯಾರು ಹೊರಗೆ ಕಳಿಸ್ತೀರೋ ನೋಡ್ತೀನಿ."

ನಲವತ್ತು ಮಕ್ಕಳ ಕೈ, ಮುಖ ತೊಳೆಸಿದೆವು. ಊಟಕ್ಕೆ ಮುಂಚೆಯೇ ಮೂವರು ವಾಂತಿ ಮಾಡಿಕೊಂಡರು. ಹೂ ಚೀಪಿದವಳ ಕಣ್ಣು ಮಂಜಾಗಿ, ಬಾಯಲ್ಲಿ ಜೊಲ್ಲು ಸುರಿಯತೊಡಗಿತು. ಅವಳನ್ನು ಫೆರಾರಾದ ಆಸ್ಪತ್ರೆಗೆ ಒಯ್ದರು. ಮೂರನೆಯ ದಿನ ಮಗು ಮನೆಗೆ ಬಂತು.

ಅದೇ ಸಂಜೆ ಎರ್ಸೀಲಿಯಾ ದಾಲ್ಮೊನ ಮನೆಯ ಮುಂದೆ ನಿಂತು, ಬೀದಿಗೆಲ್ಲ ಕೇಳುವಂತೆ ಕೂಗಿದಳು: "ತಪ್ಪು ನಂದು. ನೀನು ಹೊಡೆದಿರ್ಲಿಲ್ಲ."

ಒಳಗಿನಿಂದ ದನಿ ಬಂತು: "ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳು."

ಹೇಳಿದಳು. ಮೂರನೇ ಸಲವೂ ಹೇಳಿಸಿಕೊಂಡ ಮೇಲೆಯೇ ಅವನು ಕದ ತೆರೆದದ್ದು.