ಕೆಂಪು ಕಣ್ಣಿಗೊಂದು ಸುಳ್ಳು

ಅತ್ತು ಊದಿಕೊಂಡ ಕಣ್ಣನ್ನು ಹೇಗೆ ಮರೆಮಾಚಬೇಕೆಂದು ನನಗೆ ಯಾರೂ ಹೇಳಿಕೊಡಲಿಲ್ಲ. ಐದು ತಿಂಗಳ ಬಸಿರು ಹೋದ ಮೇಲೆ ನಾನೇ ಕಲಿತುಕೊಂಡೆ. ಹಿಂದಿನ ಸಂಜೆಯೇ ಎರಡು ಸ್ಟೀಲ್ ಚಮಚ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಎದ್ದ ಕೂಡಲೇ ರೆಪ್ಪೆಯ ಮೇಲೆ ಒತ್ತಿಕೊಳ್ಳುತ್ತಿದ್ದೆ. ಚಮಚದ ತಂಪು ಹೋದರೆ ಸೌತೆಕಾಯಿಯ ಬಿಲ್ಲೆ. ಊತ ಅರ್ಧ ಇಳಿಯುತ್ತಿತ್ತು, ಕೆಂಪು ಮಾತ್ರ ಹೋಗುತ್ತಿರಲಿಲ್ಲ. ಕಾಡಿಗೆ ಹಚ್ಚಿದರೆ ಅದು ಇನ್ನೂ ಎದ್ದು ಕಾಣುತ್ತದೆಂದು ಎರಡನೇ ದಿನವೇ ಗೊತ್ತಾಯಿತು. ಕಣ್ಣಿನ ಕೆಳಗೆ ತೆಳ್ಳಗೆ ಪೌಡರ್ ಒತ್ತಿ, ನೋಡುವವರ ಗಮನ ಹಣೆಯ ಮೇಲೇ ನಿಲ್ಲಲಿ ಎಂದು ದೊಡ್ಡ ಬೊಟ್ಟು ಇಟ್ಟುಕೊಳ್ಳುತ್ತಿದ್ದೆ.

ಇದೆಲ್ಲ ಮುಖ್ಯವಾಗಿ ಮಗಳಿಗೆ ಕಾಣಬಾರದೆಂದು. ಅವಳಿಗೆ ಆಗ ಎಂಟು ವರ್ಷ. ನಾವು ಮಾಲೂರಿನ ಕಡೆಯಿಂದ ಬಂದು ಹೊಸೂರಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದೆವು. ಗಂಡನಿಗೂ ನನಗೂ ಬೇರೆ ಬೇರೆ ಕಾರ್ಖಾನೆಗಳಲ್ಲಿ ಕೆಲಸ. ಪಾಪು ಬರುತ್ತದೆಂದು ಮಗಳಿಗೆ ನಾನೇ ಹೇಳಿದ್ದೆ. ದಿನಾ ಶಾಲೆಯಿಂದ ಬಂದವಳೇ ನನ್ನ ಹೊಟ್ಟೆಗೆ ಬಾಯಿ ತಾಗಿಸಿ, ಅವತ್ತು ಕ್ಲಾಸಿನಲ್ಲಿ ಏನೇನಾಯಿತೆಂದು ಪಾಪುವಿಗೆ ವರದಿ ಒಪ್ಪಿಸುತ್ತಿದ್ದಳು. ಅರ್ಧ ಕನ್ನಡ, ಅರ್ಧ ತಮಿಳು.

ಆಸ್ಪತ್ರೆಯಿಂದ ಮನೆಗೆ ಬಂದ ದಿನ ಗಂಡ, "ಅವಳ್ಗೆ ನಾನೇ ಹೇಳ್ತೀನಿ. ನೀನು ಅದರ ಮಾತೇ ಎತ್ಬೇಡ," ಎಂದರು. ಏನು ಹೇಳಿದರೋ ನಾನು ಕೇಳಲಿಲ್ಲ. ಮಾರನೆಯ ದಿನದಿಂದ ಅವಳು ನನ್ನ ಹೊಟ್ಟೆಯ ಹತ್ತಿರ ಬರಲಿಲ್ಲ, ಪಾಪುವಿನ ಸುದ್ದಿಯನ್ನೂ ಎತ್ತಲಿಲ್ಲ. ನನಗೆ ಸಮಾಧಾನವೇ ಆಯಿತು. ಮಕ್ಕಳು ಬೇಗ ಮರೆಯುತ್ತಾರೆ ಅಂದುಕೊಂಡೆ.

ರಜೆ ಮುಗಿಸಿ ಕೆಲಸಕ್ಕೆ ಹೋದೆ. ನನ್ನದು ತಪಾಸಣೆಯ ಮೇಜು. ಸಣ್ಣ ಸಣ್ಣ ಬಿಡಿಭಾಗಗಳನ್ನು ದೀಪದ ಕೆಳಗೆ ಹಿಡಿದು ಗೀರು ಬಿದ್ದಿದೆಯೇ ಎಂದು ನೋಡಬೇಕು. ಆ ಬೆಳಕಿನಲ್ಲಿ ಪೌಡರಿನ ಆಟ ನಡೆಯಲಿಲ್ಲ. ನಾಲ್ಕನೇ ದಿನ ಸೂಪರ್‌ವೈಸರ್ ನನ್ನ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ಎನ್ನಮ್ಮಾ, ಮೆಡ್ರಾಸ್ ಐಯಾ?"

ಊರಲ್ಲೆಲ್ಲ ಕಣ್ಣುಬೇನೆ ಹರಡಿದ್ದ ಕಾಲ ಅದು. ಪಕ್ಕದ ಮೇಜಿನಲ್ಲಿ ಸೂಳಗಿರಿಯಿಂದ ಬರುವ ಹುಡುಗಿಯೊಬ್ಬಳು ಕೂರುತ್ತಿದ್ದಳು. ಕಾರ್ಖಾನೆಯ ಸಡಿಲ ಕೋಟಿನೊಳಗೆ ನನ್ನ ಹೊಟ್ಟೆ ಯಾರಿಗೂ ಕಂಡಿರಲಿಲ್ಲ; ಸಂಗತಿ ಗೊತ್ತಿದ್ದವಳು ಅವಳೊಬ್ಬಳೇ. ಬಗ್ಗಿ ಪಿಸುಗುಟ್ಟಿದಳು: "ಹೂಂ ಅನ್ನಕ್ಕಾ. ಮೂರು ದಿನ ಮನೇಲಿರು. ಇಲ್ಲಾಂದ್ರೆ ಒಬ್ಬೊಬ್ರೂ ಬಂದು ಯಾಕೆ ಅತ್ತಿದ್ದೀಯ ಅಂತ ಕೇಳ್ತಾರೆ."

ಹೂಂ ಅಂದೆ. ಬಸ್ ಸ್ಟ್ಯಾಂಡಿನ ಎದುರು ಒಂದು ಕಪ್ಪು ಕನ್ನಡಕ ಕೊಂಡೆ. ಆ ಸುಳ್ಳನ್ನು ಕಾರ್ಖಾನೆಯ ಗೇಟಿನಲ್ಲೇ ಬಿಟ್ಟು ಬರಬಹುದಿತ್ತು. ಮನೆಯೊಳಕ್ಕೂ ತಂದೆ. ಮಗಳು ಓಡಿ ಬಂದಾಗ ಕೈ ಅಡ್ಡ ಹಿಡಿದು, "ಹತ್ರ ಬರ್ಬೇಡ ಕಣಮ್ಮಾ, ಮೆಡ್ರಾಸ್ ಐ. ನಿಂಗೂ ಅಂಟ್ಕೊಂಬುಡ್ತೈತೆ," ಎಂದೆ.

ಮೂರು ದಿನ ಒಳಕೋಣೆಯಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಮಲಗಿದೆ. ಕನ್ನಡಕವಿದ್ದುದರಿಂದ ಚಮಚ ಬೇಕಾಗಲಿಲ್ಲ, ಮನಸ್ಸಿಗೆ ಬಂದಷ್ಟು ಅತ್ತೆ. ಮಗಳು ನೀರಿನ ಲೋಟ ತಂದು ಹೊಸ್ತಿಲ ಮೇಲಿಟ್ಟು, ನನ್ನ ಕಡೆ ನೋಡದೆ ಹೋಗುತ್ತಿದ್ದಳು. ನೋಡಿದರೆ ಸಾಕು ಅಂಟುತ್ತದೆಂದು ಶಾಲೆಯಲ್ಲಿ ಯಾರೋ ಹೇಳಿದ್ದರಂತೆ.

ಮೂರನೇ ದಿನದ ಸಂಜೆ ಅವಳು ಬಾಗಿಲು ತಳ್ಳಿ ನಿಂತಳು. ಎರಡೂ ಕಣ್ಣು ಕೆಂಪಗಾಗಿ ರೆಪ್ಪೆ ಊದಿಕೊಂಡಿತ್ತು.

"ಅಮ್ಮಾ, ನಂಗೂ ಬಂದ್ಬುಡ್ತು. ಇಬ್ರಿಗೂ ಬಂದ್ರೆ ಒಟ್ಗೇ ಮಲಕ್ಕೊಬೋದಲ್ವಾ?"

ನನಗೇ ಇಲ್ಲದ ರೋಗ ನನ್ನಿಂದ ಅವಳಿಗೆ ಹೇಗೆ ಅಂಟೀತು? ಅವಳು ಅತ್ತಿದ್ದಾಳೆ, ಪಾಪುವಿಗಾಗಿ ಅತ್ತಿದ್ದಾಳೆ ಅಂದುಕೊಂಡೆ. ಯಾಕೆ ಅತ್ತಿದ್ದೀಯ ಎಂದು ಕೇಳಿದ್ದರೆ ಅವಳೂ ನನ್ನನ್ನು ಅದನ್ನೇ ಕೇಳುತ್ತಿದ್ದಳು. ಹೆದರಿಬಿಟ್ಟೆ.

"ಬೇಡಮ್ಮಾ, ಒಟ್ಗಿದ್ರೆ ಜಾಸ್ತಿ ಆಗ್ತೈತೆ. ಅಪ್ಪನ ಹತ್ರ ಮಲಕ್ಕೋ, ಹೋಗು," ಎಂದೆ.

ಬಾಗಿಲು ಎಳೆದುಕೊಂಡು ಹೋದಳು. ಬೆಳಿಗ್ಗೆ ನೋಡಿದರೆ ಅವಳ ಕಣ್ಣು ತಿಳಿಯಾಗಿತ್ತು. ನಾನು ಕೆಲಸಕ್ಕೆ ಹೊರಟೆ. ಆಮೇಲೆ ನಮ್ಮ ಮನೆಯಲ್ಲಿ ಆ ಮಾತು ಬರಲೇ ಇಲ್ಲ.

ಈಗ ಅವಳಿಗೆ ಹತ್ತೊಂಬತ್ತು. ಕೃಷ್ಣಗಿರಿಯಲ್ಲಿ ಓದುತ್ತಾಳೆ, ಹಾಸ್ಟೆಲ್ಲಿನಲ್ಲಿದ್ದಾಳೆ. ಹೋದ ತಿಂಗಳು ಒಂದು ಭಾನುವಾರ ಬಂದಿದ್ದವಳು ಮಧ್ಯಾಹ್ನ ವಾಪಸು ಹೊರಡುವುದಿತ್ತು. ನನ್ನ ಮುಂದೆ ಬೆನ್ನು ಹಾಕಿ ಕೂತಿದ್ದಳು, ನಾನು ಜಡೆ ಹಾಕುತ್ತಿದ್ದೆ. ಮುಖ ಕಾಣದ್ದರಿಂದಲೋ ಏನೋ ಧೈರ್ಯ ಬಂತು.

"ನೀನು ಚಿಕ್ಕೋಳಿದ್ದಾಗ ಮೆಡ್ರಾಸ್ ಐ ಅಂತ ಬಂದು ನಿಂತಿದ್ಯಲ್ಲ, ಅವತ್ತು ಪಾಪುಗೋಸ್ಕರ ಅತ್ತಿದ್ದೆ ಅಲ್ವಾ?"

"ಇಲ್ಲಪ್ಪ, ಅತ್ತಿರ್ಲಿಲ್ಲ," ಎಂದಳು. "ನೀನು ಮುಖ ಒರೆಸ್ಕೊಂಡಿದ್ದ ಟವಲ್ ತಗೊಂಡೋಗಿ ಕಣ್ಣಿಗೆ ಉಜ್ಕೊಂಡಿದ್ದೆ. ನಂಗೂ ಬಂದ್ರೆ ಒಳಗೆ ಬಿಟ್ಕೋತೀಯ ಅಂತ. ಎಷ್ಟು ಉಜ್ಜಿದ್ರೂ ಬರ್ಲೇ ಇಲ್ಲ, ಉರಿಯೊಂದೇ ಬಂತು." ನಕ್ಕಳು.

ನನಗೆ ನಗು ಬರಲಿಲ್ಲ. "ಅಪ್ಪ ನಿಂಗೆ ಏನಂತ ಹೇಳಿದ್ರು?"

"ಪಾಪು ಬರಲ್ಲ, ಅಮ್ಮನ್ನ ಏನೂ ಕೇಳ್ಬೇಡ ಅಂದ್ರು. ದಿನಾ ಹೊಟ್ಟೆ ಹತ್ರ ಜೋರಾಗಿ ಮಾತಾಡ್ತಿದ್ದೆ ನೋಡು, ಅದಕ್ಕೇ ಹೋಗ್ಬುಡ್ತು ಅಂದ್ಕೊಂಡಿದ್ದೆ. ನೀನು ಹತ್ರ ಸೇರಿಸ್ದೇ ಇದ್ದಾಗ, ನಿಂಗೂ ಅದು ಗೊತ್ತಾಗೈತೆ ಅನ್ನಿಸ್ತು. ತುಂಬ ದಿನ ಹಂಗೇ ಅಂದ್ಕೊಂಡಿದ್ದೆ ಬಿಡು."

ಎಂಟು ವರ್ಷದ ಮಗು ಅಷ್ಟು ದೊಡ್ಡ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡು, ಅದೇ ಮನೆಯಲ್ಲಿ ಊಟ ಮಾಡಿ, ಹೋಮ್‌ವರ್ಕ್ ಬರೆದು, ಆಚೆ ಕೋಣೆಯಲ್ಲಿ ಮಲಗಿತ್ತು. ನಿನ್ನ ತಪ್ಪಲ್ಲ ಎಂಬ ಒಂದು ಮಾತು ಸಾಕಿತ್ತು. ಅದು ಈಗ ಬಾಯಿಗೆ ಬಂತು, ಹೇಳಿದೆ. ಹೇಳುತ್ತಲೇ ಅಳು ಒತ್ತಿಕೊಂಡು ಬಂತು. ಅವಳ ಎದುರು ನಾನು ಅತ್ತಿದ್ದು ಅದೇ ಮೊದಲು.

ಅವಳು ತಿರುಗಿ ನೋಡಿದಳು. ಗಾಬರಿಯಾದಳು. ಕೈ ನನ್ನ ಭುಜದ ಹತ್ತಿರ ಬಂದು ಅಲ್ಲೇ ನಿಂತು, ಹಿಂದೆ ಹೋಯಿತು. ಅಳುವವರ ಪಕ್ಕ ಕೂರುವುದನ್ನು ನಾನು ಅವಳಿಗೆ ಯಾವತ್ತು ಕಲಿಸಿದ್ದೆ?

"ಮುಖ ತೊಳ್ಕೋ ಅಮ್ಮ," ಎಂದು ಮೆಲ್ಲಗೆ ಹೇಳಿ ಎದ್ದಳು. "ಬಸ್ಸಿಗೆ ಟೈಮಾಯ್ತು."

ಅರ್ಧ ಹೆಣೆದಿದ್ದ ಜಡೆಯನ್ನು ಬಾಗಿಲಿಗೆ ಬಂದ ಆಟೋದಲ್ಲಿ ಕೂತು ತಾನೇ ಮುಗಿಸಿಕೊಂಡಳು.