ಹುಡುಕುವ ಮೆಷಿನ್ ಒಂದೇ ಇತ್ತು

ನೀವು ಯಾವತ್ತಾದರೂ ಹೆತ್ತವ್ವನನ್ನು ಕಂಪ್ಯೂಟರಿನಲ್ಲಿ ಹುಡುಕಿಸಿದ್ದೀರಾ? ನಾನು ಹುಡುಕಿಸಿದೆ. ‘ಸರ್ವರ್ ಡೌನ್’ ಅಂದರು!

ನಗಬೇಡಿ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ತೀರಿಹೋದಳು. ಒಂದು ಫೋಟೊ ಇದೆ, ದನಿ ಗೊತ್ತಿಲ್ಲ. ಅಪ್ಪ ಆಗ ಶ್ರೀಮಂಗಲದ ಎಸ್ಟೇಟೊಂದರಲ್ಲಿ ರೈಟರ್. (ಆಳುಗಳ ಹಾಜರಿ ಬರೆಯುವವರು, ಕಥೆಯನ್ನಲ್ಲ.) ಅಲ್ಲಿನ ಗದ್ದೆಯಲ್ಲಿ ಅವ್ವ ಇನ್ನು ನಾಲ್ವರು ಹೆಂಗಸರ ಜೊತೆ ನಾಟಿ ಹಾಡು ಹೇಳಿದ್ದನ್ನು ಮೇಷ್ಟ್ರೊಬ್ಬರು ಟೇಪ್ ಮಾಡಿಕೊಂಡಿದ್ದರಂತೆ. ಮೇಷ್ಟ್ರು ಕಾಲವಾದ ಮೇಲೆ ಕ್ಯಾಸೆಟ್ಟುಗಳೆಲ್ಲ ಪೊನ್ನಂಪೇಟೆಯ ಒಂದು ಸಂಸ್ಥೆಗೆ ಸೇರಿ ಕಂಪ್ಯೂಟರಿಗೆ ಹೋದವು. ಈ ಸುದ್ದಿ ಕುಶಾಲನಗರದ ನಮ್ಮ ಮನೆಗೆ ತಲುಪಿದ್ದೇ ತಡ, ಅಪ್ಪನದು ಒಂದೇ ಹಟ.

“ಐದ್ ಜನದಾಗೂ ನಿಮ್ಮವ್ವನ ದನಿ ಯಾವ್ದು ಅಂತ ನಾನ್ ತೋರಿಸ್ತೀನಿ, ನಡಿಯವ್ವ.”

ಹೊರಟೆವು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಪೂವಮ್ಮ ಅಪ್ಪನಿಗೆ ಕುರ್ಚಿ ಹಾಕಿ, ಕಾಫಿ ಕೊಟ್ಟು, ಆಮೇಲೆ ಮುಖ ಸಣ್ಣಗೆ ಮಾಡಿಕೊಂಡಳು.

“ಸಾರಿ ಅಂಕಲ್. ಮೊನ್ನೆ ಸಿಡಿಲಿಗೆ ಇಂಡೆಕ್ಸ್ ಸರ್ವರ್ ಸುಟ್ಟುಹೋಯ್ತು. ಹಾಡುಗಳಿಗೇನೂ ಆಗಿಲ್ಲ, ಮೂರು ಕಾಪಿ ಇದೆ. ಆದ್ರೆ ಯಾವ ಹಾಡು ಎಲ್ಲಿದೆ ಅಂತ ಹುಡುಕಿ ಕೊಡ್ತಿದ್ದ ಮೆಷಿನ್ ಅದೊಂದೇ.”

“ಎಲ್ಲಾ ಐತೆ, ಸಿಗಾಕಿಲ್ಲ ಅಂತೀಯಾ?” ಅಂದರು ಅಪ್ಪ.

“ಹೌದು ಅಂಕಲ್. ದೊಡ್ಡ ಕಂಪನಿಯವರು ಒಂದೇ ಮೆಷಿನ್ ನಂಬ್ಕೊಂಡು ಕೂರಲ್ಲ. ನಾಲ್ಕಾರು ಜೋಡಿಸಿ ಕ್ಲಸ್ಟರ್ ಮಾಡ್ತಾರೆ. ಎಲ್ಲವೂ ಕೆಲಸ ಹಂಚ್ಕೊಳ್ತವೆ. ಒಂದು ಕೆಟ್ರೆ ಇನ್ನೊಂದು ಉತ್ತರ ಕೊಡುತ್ತೆ. ಕೆಡದೇ ಇದ್ದಾಗ ಒಂದೇ ಸಾಕು ಅನ್ಸುತ್ತೆ, ಅಷ್ಟೇ.”

ಎಂಥ ಜನ ನಾವು! ಇರುವುದನ್ನು ಮೂರು ಕಡೆ ಬಚ್ಚಿಡುತ್ತೇವೆ. ಅದನ್ನು ಹುಡುಕುವ ದಾರಿ ಮಾತ್ರ ಒಂದೇ ತಲೆಯಲ್ಲಿ. ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ?

ಅಪ್ಪ ಏಳಲಿಲ್ಲ. ಬರೀ ನಂಬರ್ ಇದ್ದ ಸಾವಿರಾರು ಫೈಲುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕಿಸಿದರು. ಯಾರೋ ಅಜ್ಜಿಯ ಜೋಗುಳ. ಮತ್ಯಾರದೋ ಏಲಕ್ಕಿ ಕಳ್ಳತನದ ಜಗಳ. ಹೆಣ್ಣು ದನಿ ಬಂದಾಗಲೆಲ್ಲ ಅಪ್ಪ ಮುಂದಕ್ಕೆ ಬಾಗುವುದು, ತಲೆಯಾಡಿಸುವುದು. “ಇವ್ಳಲ್ಲ. ಮುಂದಿಂದ್ ಹಾಕು.” ಸಂಜೆಯವರೆಗೂ ಇದೇ ಆಯಿತು. ಹೊಸ ಮೆಷಿನ್ ತರಿಸಿ, ಎಲ್ಲವನ್ನೂ ಮತ್ತೆ ಇಂಡೆಕ್ಸ್ ಮಾಡಿ ಫೋನ್ ಮಾಡುತ್ತೇನೆ ಅಂದಳು ಪೂವಮ್ಮ.

ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ, “ಅವ್ವನ ದನಿ ಹೆಂಗಿತ್ತಪ್ಪ?”

ಅಪ್ಪ ಕಿಟಕಿಯಾಚೆ ನೋಡುತ್ತಾ ನಕ್ಕರು. “ಅದ್ನೆಲ್ಲ ಬಾಯಲ್ ಹೇಳಕ್ಕಾಯ್ತದಾ? ಕೇಳಿಸ್ದಾಗ ತೋರಿಸ್ತೀನಿ ಬುಡು.”

ಪೂವಮ್ಮ ಮಾತು ತಪ್ಪಲಿಲ್ಲ, ಫೋನ್ ಮಾಡಿದಳು. “ಅಕ್ಕಾ, ಸಿಕ್ತು! ಶ್ರೀಮಂಗಲ, ನಾಟಿ ಹಾಡು, ಐದೂ ಜನರ ಹೆಸರಿದೆ. ಅಂಕಲ್‌ನ ಕರ್ಕೊಂಡು ಬೇಗ ಬನ್ನಿ,” ಅಂದಳು. ಆ ಹೊತ್ತಿಗೆ ಅಪ್ಪನ ತಿಥಿಯೂ ಮುಗಿದಿತ್ತು. ರಾತ್ರಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ, ಅಷ್ಟೇ.

ಒಬ್ಬಳೇ ಹೋದೆ. ಹಾಡು ಕೇಳಿದೆ. ಕೆಸರಿನ ಸದ್ದು, ಯಾರದೋ ನಗು, ಐದೂ ದನಿ ಒಟ್ಟೊಟ್ಟಿಗೆ. ಒಂದು ದನಿ ಸ್ವಲ್ಪ ಒರಟು. ಒಂದು ತೀರಾ ತೆಳು. ಒಂದು ಬೇಕಂತಲೇ ಹಿಂದೆ ಉಳಿಯುತ್ತದೆ. ಪ್ರತಿಯೊಂದನ್ನೂ ಅವ್ವನದೇ ಇರಬೇಕು ಅಂದುಕೊಂಡು ಮತ್ತೆ ಮತ್ತೆ ಕೇಳಿ ಅತ್ತೆ. ಉಳಿದ ನಾಲ್ವರಲ್ಲಿ ಇವತ್ತು ಯಾರೂ ಬದುಕಿಲ್ಲ. ವಿಚಾರಿಸಿದೆ.

ಸಂಸ್ಥೆಯವರು ಬುದ್ಧಿ ಕಲಿತಿದ್ದಾರೆ. ಈಗ ಅಲ್ಲಿ ಮೂರು ಸರ್ವರ್ ಜೋಡಿಸಿದ್ದಾರಂತೆ. ಸಿಡಿಲು ಹೊಡೆದರೂ ಅವ್ವನ ಹಾಡು ಕಣ್ಣುಮಿಟುಕಿಸುವುದರೊಳಗೆ ಸಿಗುತ್ತದೆ.

ಅದರಲ್ಲಿ ಅವ್ವ ಯಾರು ಅಂತ ಯಾವ ಸರ್ವರನ್ನು ಕೇಳಲಿ?