ಜೀನ್ಸ್ ತುಂಬಿದ ಕೌದಿ

ಕೌದಿ ಹೊಲಿಯಲು ಹೊಸದಾಗಿ ಕೂರುವವರಿಗೆ ನನ್ನದೊಂದೇ ಮಾತು: ಪುಕ್ಕಟೆ ಸಿಕ್ಕ ಬಟ್ಟೆಯಿಂದ ಶುರು ಮಾಡಬೇಡಿ. ಆಗ ಯಾರಾದರೂ ನನಗೆ ಇದನ್ನು ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಅದು ಬೇರೆ ವಿಷಯ.

ಬಳ್ಳಾರಿಯಲ್ಲಿ ಗಣಿಯ ದುಡ್ಡು ಓಡಾಡುತ್ತಿದ್ದ ಕಾಲ. ಗಾಂಧಿನಗರದ ಒಂದು ಓಣಿಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಸುವ ಸಣ್ಣ ಘಟಕ ನನ್ನದು. ಒಂದು ಹಳೆಯ ಮೆಷಿನ್ನಿನಿಂದ ಶುರು ಮಾಡಿ ಹನ್ನೆರಡಕ್ಕೆ ತಂದಿದ್ದೆ. ಬಟ್ಟೆ, ಜಿಪ್ಪು, ಗುಂಡಿ, ದಾರ, ಯಾವುದನ್ನೂ ಹೇಳಿದ ಬೆಲೆಗೆ ಕೊಂಡವಳಲ್ಲ. ಅಂಥವಳಿಗೆ ಅಂಗೈಯಗಲದ ಕೂಸಿನ ಕೌದಿಯೊಂದು ಎರಡೂವರೆ ತಿಂಗಳು ನೀರು ಕುಡಿಸಿತು.

ಮಗಳನ್ನು ಸಿರುಗುಪ್ಪಕ್ಕೆ ಕೊಟ್ಟಿದ್ದೆ. ಚೊಚ್ಚಲ ಬಸುರಿಯಾಗಿ ಏಳನೇ ತಿಂಗಳಲ್ಲಿ ತವರಿಗೆ ಬಂದವಳು ಬಳೆ ಕೇಳಲಿಲ್ಲ, ಸೀರೆ ಕೇಳಲಿಲ್ಲ. ಟ್ರಂಕು ತೆಗೆದು ನನ್ನ ತಾಯಿಯ ಎರಡು ಇಳಕಲ್ ಸೀರೆಗಳನ್ನು ತೊಡೆಯ ಮೇಲೆ ಹಾಸಿಕೊಂಡು ಕೂತಳು. ನಾನು ಮೆಷಿನ್ ತುಳಿಯುತ್ತಿದ್ದ ದಿನಗಳಲ್ಲಿ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ನನ್ನ ತಾಯಿ. ತಾಯಿ ತೀರಿಕೊಂಡ ಮೇಲೆ ಅವಳದೆಂದು ಮನೆಯಲ್ಲಿ ಉಳಿದದ್ದು ಆ ಎರಡೇ ಸೀರೆ.

“ಯಮ್ಮಾ, ಕೂಸನ್ನ ಅಜ್ಜಿ ಸೀರಿ ಕೌದಿ ಮ್ಯಾಲೆ ಮಲಗಸ್ಬೇಕು. ಬ್ಯಾರೆ ಏನೂ ಬ್ಯಾಡ ನನಗ,” ಅಂದಳು.

ಬೀಗರ ಮನೆಯಲ್ಲೂ ಅದೇ ಪದ್ಧತಿ. ತೊಟ್ಟಿಲಿಗೆ ಹಾಕುವ ದಿನ ತವರಿನ ಕೌದಿಯೇ ಮೊದಲು ಕೂಸಿನ ಬೆನ್ನಿಗೆ ತಾಗಬೇಕು. ಜೀನ್ಸ್ ಹೊಲಿಯುವವರ ಮನೆಯಿಂದ ಕೌದಿ ಬರುತ್ತದೋ ಪ್ಯಾಂಟು ಬರುತ್ತದೋ ಎಂದು ಬೀಗಿತಿ ಅಲ್ಲಿ ನಗಾಡಿದ್ದೂ ನನ್ನ ಕಿವಿಗೆ ಬಿದ್ದಿತ್ತು.

ಹೊಲಿಸಿಬಿಡೋಣ ಎಂದು ಹುಡುಕಿದರೆ ಹೊಲಿಯುವವರೇ ಇಲ್ಲ. ನಾಲ್ಕು ಕಾಸು ಕಂಡ ಮನೆಯವರೆಲ್ಲ ಹುಲಿ ಚಿತ್ರದ ದಪ್ಪ ರಗ್ಗು ಕೊಂಡು, ಕೌದಿಯನ್ನು ಮೋಟಾರ್ ಸೈಕಲ್ಲಿಗೆ ಹೊದಿಸಿದ್ದರು. ಕೌದಿ ಹೊಲಿಯುತ್ತಿದ್ದ ಹೆಂಗಸರು ಅದಿರು ಜರಡಿ ಹಿಡಿಯಲು ಹೋಗುತ್ತಿದ್ದರು. ಕೊನೆಗೆ ನಮ್ಮ ಕಟಿಂಗ್ ಮಾಸ್ತರ ಕುರುಗೋಡಿನಲ್ಲೊಬ್ಬ ಮುದುಕಿಯ ಗುರುತು ಹೇಳಿದ. ಹಿಂದೆ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ ಮುಸ್ಲಿಂ ಮನೆತನ. ಕೌದಿಗೆ ಆಕೆಯ ಕೈ ಎಂದರೆ ಕೈ.

ಹೋದೆ. ಕೂಲಿಯ ಮೇಲೆ ಬಸ್ಸಿನ ಖರ್ಚು, ಅದರ ಮೇಲೊಂದು ಸೀರೆ ಎಂದು ಏರಿಸುತ್ತ ಹೋದೆ. ಆಕೆ ಜೋಳ ಹಸನು ಮಾಡುತ್ತ ಕೂತಿದ್ದಳು, ಮೊರದಿಂದ ತಲೆಯೆತ್ತಲಿಲ್ಲ.

“ಮಗ ಟಿಪ್ಪರ್ ಹೊಡಿತಾನವ್ವಾ. ರೊಕ್ಕ ಬರತೈತಿ, ಹೋದ ಕಣ್ಣು ಬರಾಂಗಿಲ್ಲ,” ಅಂದಳು. “ನೀ ಹೊಲಿ, ನಾ ಮುಟ್ಟಿ ನೋಡ್ತೀನಿ. ನಾ ಬಿಚ್ಚು ಅಂದ್ರ ಬಿಚ್ಚಬೇಕು. ಅಷ್ಟ.”

ಕೂಲಿಯನ್ನೂ ಕೇಳದೆ ಇಷ್ಟು ಕಡಿಮೆಗೆ ಸಿಗುವ ಮಾಲಿನಲ್ಲಿ ಏನೋ ಐಬಿರುತ್ತದೆ ಎನ್ನಿಸಿತು. ಅದೂ ಅಲ್ಲದೆ, ನೆಟ್ಟಗೆ ದಾರ ಎಳೆಯುವುದನ್ನು ಹನ್ನೆರಡು ಮೆಷಿನ್ನಿನ ಒಡತಿಗೆ ಹೇಳಿಕೊಡುವುದೇನಿದೆ? ಹ್ಞೂಂ ಎನ್ನದೆ ಎದ್ದು ಬಂದೆ.

ಮಾಡಿದ ತಪ್ಪು ಇಲ್ಲೇ. ನನ್ನ ಕಟಿಂಗ್ ಮೇಜಿನ ಕೆಳಗೆ ಜೀನ್ಸ್ ತುಂಡುಗಳ ಗುಡ್ಡೆ ಯಾವಾಗಲೂ ಬಿದ್ದಿರುತ್ತಿತ್ತು. ಕೌದಿಯ ಹೊಟ್ಟೆಗೆ, ಅಂದರೆ ಎರಡು ಪದರಗಳ ನಡುವೆ ತುಂಬಲು, ಪುಕ್ಕಟೆ ಬಟ್ಟೆ ಮನೆಯಲ್ಲೇ ಇರುವಾಗ ಹಳೆ ಅರಿವೆ ಯಾಕೆ ಹುಡುಕಬೇಕು? ಕೆಳಗೆ ತಾಯಿಯ ಒಂದು ಸೀರೆ ಮಡಚಿ ಹಾಸಿದೆ, ಜೀನ್ಸ್ ತುಂಬಿದೆ, ಅದೇ ಸೀರೆಯ ಇನ್ನೊಂದು ಪದರ ಮೇಲೆ ಹೊದಿಸಿ ಸೀಮೆಸುಣ್ಣದಿಂದ ಗೆರೆ ಎಳೆದೆ. ಮೊದಲ ಸಾಲಿಗೇ ಮೂರು ಸೂಜಿ ಬಾಗಿದವು. ಗೋಣಿಚೀಲ ಹೊಲಿಯುವ ದಬ್ಬಣ ತಂದೆ. ಅದು ಹೋದಲ್ಲೆಲ್ಲ ಕಡಲೆ ತೂರುವಷ್ಟು ತೂತು. ಸಿಟ್ಟು ಬಂದು ಮೆಷಿನ್ನಿಗೆ ಕೊಟ್ಟೆ. ಜೀನ್ಸಿಗೆಂದು ಬಿಗಿ ಮಾಡಿಟ್ಟ ಮೆಷಿನ್ನು, ಉಟ್ಟು ಒಗೆದು ಸವೆದ ಸೀರೆ. ಎರಡನೇ ಸಾಲು ಮುಗಿಯುವಷ್ಟರಲ್ಲಿ ಸೆರಗಿನಿಂದ ಒಡಲಿನವರೆಗೆ ಪರ್ರನೆ ಹರಿಯಿತು.

ಮಗಳು ಬಾಗಿಲಲ್ಲೇ ನಿಂತಿದ್ದಳು. ಬೈದಿದ್ದರೆ ನಾನೂ ತಿರುಗಿ ಬೈದು ಹಗುರಾಗುತ್ತಿದ್ದೆ. ಅವಳು ಹರಿದ ಸೆರಗನ್ನು ನೇವರಿಸಿ, “ಇನ್ನೊಂದು ಐತಲ್ಲ,” ಎಂದು ಒಳಗೆ ಹೋದಳು. ಇನ್ನೊಂದೇ ಇತ್ತು.

ಮತ್ತೆ ಕುರುಗೋಡು. ಬಸ್ಸಿನ ಮುಂದೆ ಟಿಪ್ಪರುಗಳ ಸಾಲು, ಮುಚ್ಚಿದ ಕಿಟಕಿಯಿಂದಲೂ ಕೆಂಪು ಧೂಳು. ಮುದುಕಿ ನನ್ನ ಕೌದಿಯ ಗಂಟನ್ನು ಎರಡೂ ಕೈಯಲ್ಲಿ ಎತ್ತಿ ತೂಗಿ ನೋಡಿದಳು.

“ಇದು ಕೂಸಿಗೋ, ಕುದುರಿ ಬೆನ್ನಿಗೋ?”

ಆಮೇಲೆ ಒಂದೇ ಮಾತು, ಬಿಚ್ಚು. ಮೆಷಿನ್ ಹೊಲಿಗೆ ಬಿಚ್ಚುವುದು ಹೇನು ಆರಿಸುವುದಕ್ಕಿಂತ ಕಡೆ. ಎರಡು ದಿನ ಹಿಡಿಯಿತು.

ಕಲಿತದ್ದನ್ನು ಹೇಳುತ್ತೇನೆ, ನಿಮಗಾದರೂ ಉಪಯೋಗಕ್ಕೆ ಬರಲಿ. ಕೌದಿಯನ್ನು ಅಂಚಿನಿಂದ ಹಿಡಿದು, ಸುತ್ತು ಹಾಕುತ್ತ, ಚೌಕದೊಳಗೆ ಚೌಕವಾಗಿ ನಡುವಿಗೆ ಬರಬೇಕು. ಹೊಟ್ಟೆಯ ಅರಿವೆಯನ್ನು ಒಮ್ಮೆಲೇ ತುಂಬದೆ, ಹೊಲಿಯುತ್ತ ಹೋದಂತೆ ಸೇರಿಸಬೇಕು. ಎಡಗೈ ಕೆಳಗಿರಬೇಕು, ಸೂಜಿ ಎಲ್ಲಿ ಬಂತೆಂದು ಬೆರಳೇ ಹೇಳುತ್ತದೆ. ಒಳಗೂ ಹೊರಗೂ ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು. ಹರಿದ ಸೀರೆಯನ್ನು ಮುದುಕಿ ಎಸೆಯಗೊಡಲಿಲ್ಲ, ಅದನ್ನೇ ಹೊಟ್ಟೆಗೆ ಹಾಕಿಸಿದಳು. ಉಳಿದೊಂದು ಸೀರೆ ಮೇಲೂ ಕೆಳಗೂ ಆಯಿತು. ಇದೂ ಕೆಟ್ಟರೆ ಮುಗಿಯಿತು.

ಪ್ರತಿ ಸೋಮವಾರ ಹೋಗುವುದು, ಆಕೆ ಕಣ್ಣು ಮುಚ್ಚಿ ಬೆರಳಾಡಿಸುವುದು, ಎಲ್ಲೋ ಒಂದು ಕಡೆ ಬೆರಳು ನಿಲ್ಲುವುದು, ಬಿಚ್ಚು ಎನ್ನುವುದು. ಇದೇ ಆಯಿತು. ಒಂದು ಸಲ ತಡೆಯಲಾರದೆ ಕೇಳಿದೆ, “ದೊಡ್ಡಮ್ಮಾ, ಕೂಸು ಏನು ಹೊಲಿಗಿ ಎಣಸ್ತೈತೇನ್ರಿ?”

“ಎಣಸಾಂಗಿಲ್ಲ. ಗಂಟು ಬೆನ್ನಿಗೆ ಚುಚ್ಚಿದ್ರ ಅಳತೈತಿ. ನಿನ್ನ ಜೋಡಿ ಚೌಕಾಸಿ ಮಾಡಾಕ ಅದಕ್ಕ ಬಾಯಿ ಬಂದಿರಾಂಗಿಲ್ಲ.”

ಬಿಚ್ಚಿದೆ.

ಹೆರಿಗೆ ಹೇಳಿದ ದಿನಕ್ಕಿಂತ ಮೊದಲೇ ಆಯಿತು, ಹೆಣ್ಣು ಕೂಸು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಾಯುವಾಗಲೂ ನಾನು ಹೊಲಿಯುತ್ತಿದ್ದೆ. ಬಾಣಂತನದ ಗಡಿಬಿಡಿಯಲ್ಲಿ ಸೋಮವಾರ ತಪ್ಪಿ, ತೊಟ್ಟಿಲಿಗೆ ನಾಲ್ಕು ದಿನವಿರುವಾಗ, ನಡುವೆ ಅಂಗೈಯಷ್ಟು ಚೌಕ ಮಾತ್ರ ಬಿಟ್ಟುಕೊಂಡು ಕುರುಗೋಡಿಗೆ ಹೋದೆ. ಮುದುಕಿಯ ಬೆರಳು ಸುತ್ತುತ್ತ ಬಂದು ಒಂದು ಸಾಲಿನ ಮೇಲೆ ನಿಂತಿತು. ಆಸ್ಪತ್ರೆಯಲ್ಲಿ ಹೊಲಿದ ಸಾಲು ಅದು. ನನಗೂ ಗೊತ್ತಿತ್ತು, ಉದ್ದುದ್ದ, ಸಡಿಲ.

“ಕೂಸು ಬಂತೇನು?”

ಬಂತು ಎಂದೆ.

“ಹಂಗಾರ ಇರ್ಲಿ ಬಿಡು. ಮುಚ್ಚು.”

ನಡುವಿನ ಚೌಕದೊಳಗೆ ಇಡಲು ಜೋಳದ ರೊಟ್ಟಿಯ ಉಗುರಷ್ಟು ಚೂರು ಮುರಿದು ಕೊಟ್ಟಳು. ಇರುವೆ ಹತ್ತುತ್ತವೆ ಎಂದು ವಾದಿಸಿದೆ. ಕೌದಿಯ ಹೊಟ್ಟೆ ಹಸಿದಿದ್ದರೆ ಹೊದ್ದವರ ಹೊಟ್ಟೆಯೂ ಹಸಿಯುತ್ತದೆಯಂತೆ. ಆಕೆಯ ಎದುರಿಗೇ ಇಟ್ಟು ಮುಚ್ಚಿದೆ.

ಬಸ್ಸಿನಲ್ಲಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ, ಸಿಟ್ಟು ಬಂತು. ಕೇಳದೆ ರಿಯಾಯಿತಿ ಕೊಟ್ಟರೆ ಮಾಲಿನಲ್ಲಿ ದೋಷವಿದೆ ಎಂದೇ ಅರ್ಥ. ಈ ವ್ಯಾಪಾರದಲ್ಲಿ ಇಷ್ಟು ವರ್ಷ ಕಳೆದ ನನಗೆ ಅದು ತಿಳಿಯುವುದಿಲ್ಲವೇ? ಮರುದಿನ ಬೆಳಿಗ್ಗೆ ಘಟಕದಲ್ಲಿ ಮಾಸ್ತರ ಕಾಯುತ್ತಿದ್ದರೂ ಹೋಗದೆ, ಆ ಒಂದು ಸಾಲನ್ನು ಯಾರೂ ಹೇಳದೆ ಬಿಚ್ಚಿದೆ. ಮಧ್ಯಾಹ್ನದವರೆಗೆ ಕೂತು ಮತ್ತೆ ಹೊಲಿದೆ. ಬೆರಳ ತುದಿ ಜರಡಿಯಾಗಿತ್ತು.

ತೊಟ್ಟಿಲ ದಿನ ನಮ್ಮ ಮನೆಗೆ ಬಂದ ಬೀಗಿತಿ ಕೌದಿಯನ್ನು ಮಗುಚಿ ಹಾಕಿ, ಗಂಟು ಹುಡುಕುತ್ತ ಅಂಗೈ ಆಡಿಸಿದಳು. ಸಿಗಲಿಲ್ಲ.

“ಯಾರ ಕೈಲೆ ಹೊಲಿಸಿದ್ರಿ?” ಎಂದು ಕೇಳಿದಳು.

“ನಮ್ಮಮ್ಮ ಹೊಲಿದಾಳ,” ಎಂದು ಮಗಳು ನನಗಿಂತ ಮೊದಲೇ ಹೇಳಿದಳು.

ಬೀಗಿತಿ ನನ್ನನ್ನೊಮ್ಮೆ, ನನ್ನ ಬೆರಳುಗಳನ್ನೊಮ್ಮೆ ನೋಡಿ, ಕೌದಿ ಸ್ವಲ್ಪ ಸಣ್ಣದಾಯಿತು ಎಂದಳು. ಸೀರೆ ಇದ್ದದ್ದೇ ಅಷ್ಟು ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕೂಸನ್ನು ಮಲಗಿಸಿಯಾಗಿತ್ತು. ಅದು ಅಳಲಿಲ್ಲ. ಕೈಕಾಲು ಸಡಿಲ ಬಿಟ್ಟು, ಹಾಡು ಮುಗಿಯುವ ಮೊದಲೇ ಎರಡೂವರೆ ತಿಂಗಳ ದುಡಿಮೆಯನ್ನು ಒದ್ದೆ ಮಾಡಿತು.

ಮರುದಿನ ಒಗೆದೆ. ಕುರುಗೋಡಿನ ರಸ್ತೆಯ ಧೂಳೆಲ್ಲ ಬಿಟ್ಟು ಬಕೆಟ್ಟಿನ ನೀರು ಕೆಂಪಾಯಿತು. ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದರೆ ಮಗಳು ಕೂಸನ್ನೆತ್ತಿಕೊಂಡು ಬಂದು ಪಕ್ಕದಲ್ಲಿ ನಿಂತಳು.

“ಇದು ಒಣಗೋತನಕ ಇನ್ನೊಂದು ಬೇಕಲ್ಲ, ಯಮ್ಮಾ.”

ಅಜ್ಜಿಯ ಸೀರೆ ಮುಗಿದವು, ಎಲ್ಲಿಂದ ತರಲಿ ಎಂದು ರೇಗಿದೆ.

“ನಿನ್ನವು ಅದಾವಲ್ಲ,” ಅಂದಳು.

ನನ್ನ ಸೀರೆಗಳು ಇನ್ನೂ ಅಷ್ಟು ಹಳೆಯವಾಗಿಲ್ಲ ಎಂದೆ. ಆದರೂ ಆ ಸೋಮವಾರ ಒಂದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಕುರುಗೋಡಿನ ಬಸ್ಸು ಹತ್ತಿದೆ.